ಮಾತು ಕೇಳದ ಕೂದಲಿಗೆ ಸರಿಯಾದ ಕಟಿಂಗ್: 15 ಭೇಟಿಗಳ ನಂತರದ ವಿಮರ್ಶೆ

ಕೂದಲು ಕತ್ತರಿಸಿಕೊಂಡು ಬಂದ ದಿನವೇ ಬರೆದ ಹೊಗಳಿಕೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕುರ್ಚಿಯಿಂದ ಏಳುವ ಹೊತ್ತಿಗೆ ಯಾರ ಕೂದಲಾದರೂ ಚೆನ್ನಾಗಿಯೇ ಕಾಣುತ್ತದೆ. ಆಗಷ್ಟೇ ಅದನ್ನು ತೊಳೆದಿರುತ್ತಾರೆ, ಬಿಸಿ ಗಾಳಿ ಹಿಡಿದು ಒಣಗಿಸಿರುತ್ತಾರೆ, ಬೆರಳ ತುದಿಯಲ್ಲಿ ಏನನ್ನೋ ಸವರಿ ಕೂರಿಸಿರುತ್ತಾರೆ. ಮರುದಿನ ಬೆಳಿಗ್ಗೆ ದಿಂಬಿನಿಂದ ತಲೆ ಎತ್ತಿದಾಗ ಅದು ಹೇಗಿರುತ್ತದೆ, ಮನೆಯಲ್ಲಿ ನಾವೇ ಸ್ನಾನ ಮಾಡಿದ ಮೇಲೆ ಹೇಗೆ ಒಣಗುತ್ತದೆ, ಐದನೆಯ ವಾರದ ಹೊತ್ತಿಗೆ ಆಕಾರ ಉಳಿದಿರುತ್ತದೆಯೇ ಎಂಬುದನ್ನೆಲ್ಲ ನೋಡಿದ ಮೇಲೆಯೇ ಕತ್ತರಿ ಹಿಡಿದವರ ಕೆಲಸದ ಬಗ್ಗೆ ಮಾತಾಡುವುದು ನ್ಯಾಯ. ಆದ್ದರಿಂದಲೇ ಈ ವಿಮರ್ಶೆಯನ್ನು ಎರಡು ವರ್ಷ ತಡೆಹಿಡಿದು ಈಗ ಬರೆಯುತ್ತಿದ್ದೇನೆ. ಈ ಅವಧಿಯಲ್ಲಿ ಸುಮಾರು ಏಳು ವಾರಗಳಿಗೊಮ್ಮೆಯಂತೆ ಒಟ್ಟು 15 ಸಲ ಒಂದೇ ಸಲೂನಿಗೆ ಹೋಗಿದ್ದೇನೆ. ಒಂದು ಸಲ ಬಿಟ್ಟರೆ ಉಳಿದೆಲ್ಲ ಸಲವೂ ಒಬ್ಬರೇ ಕ್ಷೌರಿಕರು ನನ್ನ ಕೂದಲು ಕತ್ತರಿಸಿದ್ದಾರೆ. ಆ ಒಂದು ಸಲ ಏನಾಯಿತು ಎಂಬುದನ್ನೂ ಮುಂದೆ ಹೇಳುತ್ತೇನೆ.

ನನ್ನ ಕೂದಲು ದಪ್ಪ, ಒರಟು, ಅಲೆಅಲೆಯಾದದ್ದು. ನೆತ್ತಿಯ ಹಿಂಭಾಗದಲ್ಲಿ ಅಕ್ಕಪಕ್ಕ ಎರಡು ಸುಳಿಗಳಿವೆ. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ ತಿರುಗುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡ ಒಂದು ಹಿಡಿ ಕೂದಲು ಆ ಕಡೆಗೂ ಮಲಗದೆ ಈ ಕಡೆಗೂ ಮಲಗದೆ ನೆಟ್ಟಗೆ ನಿಲ್ಲುತ್ತದೆ. ಹಣೆಯ ಎಡ ಮೂಲೆಯಲ್ಲಿ ಮತ್ತೊಂದು ಚಿಕ್ಕ ಸುಳಿ ಇರುವುದರಿಂದ ಮುಂಗೂದಲು ಅಲ್ಲಿ ತಾನಾಗಿಯೇ ಸೀಳಿಕೊಂಡು ಮೇಲೇಳುತ್ತದೆ. ಕತ್ತಿನ ಹಿಂಭಾಗದ ಕೂದಲು ಕೆಳಮುಖವಾಗಿ ಬೆಳೆಯುವುದರ ಬದಲು ಎರಡೂ ಬದಿಯಿಂದ ನಡುವಿನ ಕಡೆಗೆ ಓರೆಯಾಗಿ ಬೆಳೆಯುತ್ತದೆ. ಇಷ್ಟು ವಿವರವಾಗಿ ನನ್ನ ತಲೆಯ ನಕ್ಷೆಯನ್ನು ನಾನು ಹೇಳಬಲ್ಲೆ ಎಂದರೆ ಅದು ಈ ಕ್ಷೌರಿಕರು ಕಲಿಸಿದ್ದು. ಅವರನ್ನು ಕಾಣುವ ಮೊದಲು ನನಗೆ ಗೊತ್ತಿದ್ದದ್ದು ‘ನನ್ನ ಕೂದಲು ಸರಿಯಿಲ್ಲ’ ಎಂಬ ಒಂದೇ ಮಾತು, ಮತ್ತು ಆ ಮಾತನ್ನು ನನಗೆ ಹೇಳಿದವರೆಲ್ಲ ಕತ್ತರಿ ಹಿಡಿದವರೇ.

ಹಿಂದೆ ಹೋಗುತ್ತಿದ್ದ ಕಡೆಗಳಲ್ಲಿ ನಡೆಯುತ್ತಿದ್ದುದು ಹೆಚ್ಚುಕಡಿಮೆ ಒಂದೇ ಕ್ರಮ. ಕೂತ ಕೂಡಲೇ ಕೊರಳಿಗೆ ಬಟ್ಟೆ ಸುತ್ತಿ, ನೀರಿನ ಬಾಟಲಿಯಿಂದ ಪೂರ್ತಿ ತಲೆ ನೆನೆಯುವಂತೆ ಚಿಮುಕಿಸಿ, ಬಾಚಣಿಗೆಯಿಂದ ಎಲ್ಲವನ್ನೂ ನೇರವಾಗಿ ಇಳಿಬಾಚಿ, ಹೀಗೆ ಒಪ್ಪವಾಗಿ ಮಲಗಿದ ಕೂದಲನ್ನು ಎರಡು ಬೆರಳ ನಡುವೆ ಬಿಗಿಯಾಗಿ ಎಳೆದು ಕತ್ತರಿಸುತ್ತಿದ್ದರು. ಕನ್ನಡಿಯಲ್ಲಿ ನೋಡಿದರೆ ಗೆರೆ ಎಳೆದಂತೆ ಕಾಣುತ್ತಿತ್ತು. ಮನೆಗೆ ಬಂದು ಒಣಗಿದ ಮೇಲೆ ಸುಳಿಯ ಸುತ್ತಲಿನ ಕೂದಲು ಉಳಿದದ್ದಕ್ಕಿಂತ ಒಂದು ಬೆರಳಗಲ ಗಿಡ್ಡವಾಗಿ ಎದ್ದು ನಿಲ್ಲುತ್ತಿತ್ತು. ಮುಂದಿನ ಸಲ ಇದನ್ನು ಹೇಳಿದರೆ ‘ಅದು ಎದ್ದೇಳುತ್ತದೆ, ಇನ್ನಷ್ಟು ಕಡಿಮೆ ಮಾಡೋಣ’ ಎಂದು ಅದೇ ಜಾಗವನ್ನು ಮತ್ತೆ ಕತ್ತರಿಸುತ್ತಿದ್ದರು. ಹಲ್ಲುಗಳಿರುವ ಥಿನ್ನಿಂಗ್ ಕತ್ತರಿಯನ್ನೂ ಹಾಕಿದರು. ಕೂದಲು ದಪ್ಪವಾಗಿದೆ, ಭಾರ ಇಳಿಸಿದರೆ ಕೂರುತ್ತದೆ ಎಂಬುದು ಅವರ ಲೆಕ್ಕ. ಮೊದಲ ವಾರ ತಲೆ ಹಗುರವಾದಂತೆ ಅನ್ನಿಸಿತು ನಿಜ. ಮೂರನೆಯ ವಾರ ಬರುವಷ್ಟರಲ್ಲಿ ಹಿಂದೆಂದೂ ಇಲ್ಲದಷ್ಟು ಕೂದಲು ಉಬ್ಬಿತು.

ಅದು ಏಕೆ ಉಬ್ಬಿತು ಎಂಬುದನ್ನು ತಿಳಿದುಕೊಂಡರೆ ಒಳ್ಳೆಯ ಕಟಿಂಗ್ ಎಂದರೇನು ಎಂಬುದು ಅರ್ಧ ಅರ್ಥವಾದಂತೆ. ಥಿನ್ನಿಂಗ್ ಕತ್ತರಿಯ ಒಂದು ಅಲಗಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿರುತ್ತವೆ. ಅದರ ಬಾಯಿಗೆ ಸಿಕ್ಕ ಕೂದಲಿನಲ್ಲಿ ಕೆಲವು ಎಳೆಗಳು ಮಾತ್ರ ತುಂಡಾಗಿ ಉಳಿದವು ಹಾಗೆಯೇ ಇರುತ್ತವೆ. ನುಣುಪಾದ ನೇರ ಕೂದಲಿನಲ್ಲಿ ಈ ತುಂಡು ಎಳೆಗಳು ಉದ್ದದ ಎಳೆಗಳ ಜೊತೆ ಮಲಗಿಬಿಡುವುದರಿಂದ ಗುಣವೇ ಆಗುತ್ತದೆ. ಒರಟಾದ, ಅಲೆಯಾದ ಕೂದಲಿನಲ್ಲಿ ಹಾಗಲ್ಲ. ತುಂಡಾದ ಎಳೆಗೆ ತನ್ನನ್ನು ಕೆಳಗೆಳೆಯುವ ಭಾರ ಇರುವುದಿಲ್ಲ; ಅದು ಒಳಗೆ ಸಣ್ಣ ಕಡ್ಡಿಯಂತೆ ನಿಂತು ಮೇಲಿನ ಉದ್ದ ಕೂದಲನ್ನು ಎತ್ತಿ ಹಿಡಿಯುತ್ತದೆ. ಬುಡದ ಹತ್ತಿರ ಹೀಗೆ ಕತ್ತರಿಸಿದ್ದರಂತೂ ಒಂದು ಹೊದಿಕೆಯ ಕೆಳಗೆ ನೂರಾರು ಕಡ್ಡಿ ನೆಟ್ಟಂತೆಯೇ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಿಂದ ಒಂದೂಕಾಲು ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ, ಒಂದು ನಿಮಿಷದಲ್ಲಿ ಆದ ಈ ತಪ್ಪು ಸರಿಹೋಗಲು ನನಗೆ ಏಳೆಂಟು ತಿಂಗಳು ಹಿಡಿಯಿತು.

ನೀರಿನ ವಿಷಯವೂ ಅಷ್ಟೇ ಮುಖ್ಯ. ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರೊಳಗಿನ ಹೈಡ್ರೋಜನ್ ಬಂಧಗಳು ನೀರು ತಾಗಿದಾಗ ಬಿಡಿಸಿಕೊಳ್ಳುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ನೆನೆದ ಕೂದಲು ಮೆತ್ತಗಾಗಿ ಹೇಳಿದ ಹಾಗೆ ಮಲಗುವುದು ಈ ಕಾರಣಕ್ಕೆ, ಒಣಗಿದ ಮೇಲೆ ತನ್ನ ಹಳೆಯ ರೂಪಕ್ಕೆ ಮರಳುವುದೂ ಇದೇ ಕಾರಣಕ್ಕೆ. ಒದ್ದೆ ಕೂದಲನ್ನು ಎಳೆದರೆ ಅದು ತನ್ನ ಉದ್ದದ ಶೇ. 30ರಷ್ಟು ಹಿಗ್ಗಬಲ್ಲದು, ಹಾಗೆ ಹಿಗ್ಗಿಸಿ ಹಿಡಿದು ಕತ್ತರಿಸಿದರೆ ಒಣಗಿದ ಮೇಲೆ ಉಳಿಯುವ ಉದ್ದ ಬೇರೆಯೇ ಆಗಿರುತ್ತದೆ. ಗಾಳಿಯಲ್ಲಿನ ತೇವಕ್ಕೂ ಕೂದಲು ಸ್ಪಂದಿಸುತ್ತದೆ. ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ 1783ರಲ್ಲಿ ವಿವರಿಸಿದ ತೇವಮಾಪಕದಲ್ಲಿ ಮನುಷ್ಯನ ಕೂದಲನ್ನೇ ಬಳಸಿದ್ದರು. ಪೂರ್ತಿ ಒಣ ಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಬಂದಾಗ ಕೂದಲಿನ ಎಳೆ ಸುಮಾರು ಶೇ. 2ರಿಂದ 2.5ರಷ್ಟು ಉದ್ದವಾಗುತ್ತದೆ ಎಂಬುದೇ ಆ ಉಪಕರಣದ ಆಧಾರ. ಅಳತೆಯ ಉಪಕರಣವಾಗಬಲ್ಲಷ್ಟು ಸೂಕ್ಷ್ಮವಾದ ವಸ್ತುವನ್ನು ನಾವು ತಲೆಯ ಮೇಲೆ ಹೊತ್ತಿದ್ದೇವೆ, ಮೋಡ ಕವಿದ ದಿನ ಅದು ಕೆದರಿದರೆ ನಮ್ಮ ಬಾಚುವಿಕೆಯ ತಪ್ಪೆಂದು ಬಗೆಯುತ್ತೇವೆ.

ಈಗ ನಾನು ಹೋಗುವ ಸಲೂನಿನ ವಿಷಯಕ್ಕೆ ಬರುತ್ತೇನೆ. ಸಮಯ ಗೊತ್ತುಮಾಡಿಕೊಳ್ಳಲು ಮೊದಲ ಸಲ ಫೋನ್ ಮಾಡಿದಾಗಲೇ ಅವರು ಒಂದು ಸೂಚನೆ ಕೊಟ್ಟರು: ಹಿಂದಿನ ದಿನ ತಲೆಸ್ನಾನ ಮಾಡಿರಬೇಕು, ಎಣ್ಣೆ, ಜೆಲ್ ಏನೂ ಹಚ್ಚಿರಬಾರದು, ಟೋಪಿ ಅಥವಾ ಹೆಲ್ಮೆಟ್ಟಿನಿಂದ ಕೂದಲು ಒತ್ತಿಹೋಗಿದ್ದರೆ ಹತ್ತು ನಿಮಿಷ ಮೊದಲೇ ಬಂದು ಕೂರಬೇಕು. ಕೂದಲು ದಿನನಿತ್ಯ ಹೇಗಿರುತ್ತದೋ ಹಾಗೆಯೇ ತಮ್ಮ ಮುಂದೆ ಬರಲಿ ಎಂಬುದು ಇದರ ಉದ್ದೇಶ. ಕುರ್ಚಿಯಲ್ಲಿ ಕೂರಿಸಿದ ಮೇಲೆ ಅವರು ಮೊದಲು ಕತ್ತರಿಯನ್ನಾಗಲಿ ನೀರಿನ ಬಾಟಲಿಯನ್ನಾಗಲಿ ಮುಟ್ಟಲಿಲ್ಲ. ಹಿಂದೆ ನಿಂತು ನೆತ್ತಿಯ ಕೂದಲಿನೊಳಗೆ ಬೆರಳುಗಳನ್ನು ಬುಡದವರೆಗೆ ಇಳಿಸಿ, ಒಂದು ಹಿಡಿಯನ್ನು ಮೇಲೆತ್ತಿ, ಸುಮ್ಮನೆ ಬಿಟ್ಟರು. ಅದು ಎತ್ತ ಬೀಳುತ್ತದೆ ಎಂದು ನೋಡಿದರು. ಪಕ್ಕದ ಹಿಡಿಯನ್ನು ಎತ್ತಿ ಬಿಟ್ಟರು, ಮತ್ತೆ ನೋಡಿದರು. ಹೀಗೆ ಇಡೀ ತಲೆಯನ್ನು ಒಂದು ಸುತ್ತು ನೋಡಿ ಮುಗಿಸಲು ಎಂಟು ಹತ್ತು ನಿಮಿಷ ತೆಗೆದುಕೊಂಡರು. ನಂತರ ಒಂದು ಚಿಕ್ಕ ಕನ್ನಡಿಯನ್ನು ಹಿಂದೆ ಹಿಡಿದು, ನನ್ನ ಎರಡು ಸುಳಿಗಳನ್ನೂ ಅವುಗಳ ನಡುವೆ ಬಾಚಣಿಗೆಯ ಹಿಡಿಯಷ್ಟು ಅಗಲದ ಪಟ್ಟಿಯನ್ನೂ ತೋರಿಸಿದರು. ಅಷ್ಟು ವರ್ಷ ನನ್ನದೇ ತಲೆಯ ಮೇಲಿದ್ದ ಆ ಜಾಗವನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು.

ಆ ದಿನ ಅವರು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: ‘ಸರ್, ನೆತ್ತಿಯ ಮೇಲೆ ಇವತ್ತು ಕತ್ತರಿ ಹಾಕುವುದು ಬೇಡ. ಎರಡು ತಿಂಗಳು ಹಾಗೇ ಬಿಡಿ. ಈಗ ಇರುವ ಉದ್ದವೇ ಎದ್ದು ನಿಲ್ಲುವ ಉದ್ದ.’ ಕೂದಲು ಕತ್ತರಿಸಲೆಂದು ಕೂತ ಗಿರಾಕಿಗೆ ಹೀಗೆ ಹೇಳುವುದಕ್ಕೆ ಧೈರ್ಯವೂ ಬೇಕು, ತಿಳಿವಳಿಕೆಯೂ ಬೇಕು. ಕೂದಲು ಯಾವ ಕೋನದಲ್ಲಿ ಹೊರಬರುತ್ತದೆ ಎಂಬುದನ್ನು ಚರ್ಮದೊಳಗಿನ ಬುಡವೇ ನಿರ್ಧರಿಸುತ್ತದೆ; ಹೊರಗಿನಿಂದ ಎಷ್ಟು ಕತ್ತರಿಸಿದರೂ ಆ ಕೋನ ಬದಲಾಗುವುದಿಲ್ಲ. ಸುಳಿಯ ಕೂದಲು ತೀರಾ ಗಿಡ್ಡವಾಗಿದ್ದರೆ ಎದ್ದು ನಿಂತದ್ದು ಕಣ್ಣಿಗೆ ಬೀಳುವುದಿಲ್ಲ. ಸಾಕಷ್ಟು ಉದ್ದವಾಗಿದ್ದರೆ ತನ್ನ ಭಾರಕ್ಕೇ ಬಾಗಿ ಮಲಗುತ್ತದೆ. ಇವೆರಡರ ನಡುವಿನ, ನನ್ನ ಅನುಭವದಲ್ಲಿ ಹೇಳುವುದಾದರೆ ಎರಡರಿಂದ ಐದು ಸೆಂಟಿಮೀಟರಿನವರೆಗಿನ ಉದ್ದವೇ ತೊಂದರೆಯ ಉದ್ದ. ಹಿಂದಿನವರೆಲ್ಲ ಪ್ರತಿಸಲವೂ ನನ್ನನ್ನು ತಂದು ನಿಲ್ಲಿಸುತ್ತಿದ್ದುದು ಸರಿಯಾಗಿ ಅಲ್ಲಿಗೇ. ಬೆಳೆಯುವಷ್ಟರಲ್ಲಿ ಮತ್ತೆ ಕತ್ತರಿಸಿಕೊಳ್ಳಲು ಹೋಗುತ್ತಿದ್ದೆ, ಅವರು ಮತ್ತೆ ಅದೇ ಉದ್ದಕ್ಕೆ ಇಳಿಸುತ್ತಿದ್ದರು.

ಮೊದಲ ಭೇಟಿಯಲ್ಲಿ ಅವರು ಕಿವಿಯ ಸುತ್ತ, ಕತ್ತಿನ ಬಳಿ ಮಾತ್ರ ಒಪ್ಪ ಮಾಡಿ ಕಳಿಸಿದರು. ಎರಡನೆಯ ಭೇಟಿಯಲ್ಲಿ ಮೇಲ್ಭಾಗವನ್ನು ಕೈಗೆತ್ತಿಕೊಂಡರು. ನಿಜವಾದ ಫಲ ಕಂಡದ್ದು ಮೂರನೆಯ ಸಲ, ಅಂದರೆ ಸುಮಾರು ಮೂರೂವರೆ ತಿಂಗಳ ನಂತರ. ಒಂದೇ ಕೂರಿಕೆಯಲ್ಲಿ ಪವಾಡ ಬಯಸುವವರಿಗೆ ಈ ಕಾಯುವಿಕೆ ಕಷ್ಟವೆನಿಸಬಹುದು. ನನಗೂ ನಡುವಿನ ಒಂದು ತಿಂಗಳು ಕನ್ನಡಿಯ ಮುಂದೆ ನಿಲ್ಲಲು ಬೇಸರವಾಗಿತ್ತು, ಏಕೆಂದರೆ ಹಿಂದಿನ ಥಿನ್ನಿಂಗ್‌ನ ತುಂಡು ಎಳೆಗಳೂ ಹೊಸದಾಗಿ ಬೆಳೆದ ಉದ್ದವೂ ಸೇರಿ ಯಾವ ಆಕಾರಕ್ಕೂ ಬಾರದೆ ಇದ್ದವು.

ಅವರ ಕೈಕೆಲಸವನ್ನು ಹತ್ತಿರದಿಂದ ನೋಡಬೇಕು. ನೆತ್ತಿಯ ಕೂದಲನ್ನು ಅವರು ಒಣಗಿದ್ದಾಗಲೇ ಕತ್ತರಿಸುತ್ತಾರೆ. ಸುಳಿಯ ನಡುವಿನ ಒಂದು ಚಿಕ್ಕ ಹಿಡಿಯನ್ನು ಬಾಚಣಿಗೆಯ ತುದಿಯಿಂದ ಬೇರೆ ಮಾಡಿ, ತೋರುಬೆರಳು ಮತ್ತು ನಡುಬೆರಳ ನಡುವೆ ಸಡಿಲವಾಗಿ ಹಿಡಿಯುತ್ತಾರೆ. ಬುಡದಲ್ಲಿ ಎಳೆತ ನನಗೆ ಗೊತ್ತೇ ಆಗುವುದಿಲ್ಲ. ನಂತರ ಕತ್ತರಿಯನ್ನು ಬೆರಳಿಗೆ ಅಡ್ಡಲಾಗಿ ಹಿಡಿಯದೆ, ಕೂದಲು ಹೋಗುವ ದಿಕ್ಕಿನಲ್ಲೇ ನೆಟ್ಟಗೆ ಹಿಡಿದು, ತುದಿಯೊಳಗೆ ಮೂರು ನಾಲ್ಕು ಸಣ್ಣ ಕಚ್ಚು ಹಾಕುತ್ತಾರೆ. ಬೀಳುವುದು ಕೂದಲಿನ ಗೊಂಚಲಲ್ಲ, ಎಳೆಎಳೆಯಾದ ಚೂರು. ಅಡ್ಡಲಾಗಿ ಒಂದೇ ಏಟಿಗೆ ಕತ್ತರಿಸಿದರೆ ತುದಿಗಳೆಲ್ಲ ಒಂದೇ ಮಟ್ಟದಲ್ಲಿ ಪೊರಕೆಯಂತೆ ನಿಲ್ಲುತ್ತವೆ. ಹೀಗೆ ಕಚ್ಚು ಕಚ್ಚಾಗಿ ಕತ್ತರಿಸಿದ ತುದಿಗಳು ಒಂದರೊಳಗೊಂದು ಸೇರಿಕೊಂಡು ಮಲಗುತ್ತವೆ. ಭಾರ ಇಳಿಸುವ ಕೆಲಸ ತುದಿಯ ಕಡೆಯ ಎರಡು ಸೆಂಟಿಮೀಟರಿನಲ್ಲಿ ಮಾತ್ರ ನಡೆಯುತ್ತದೆ, ಬುಡದ ಹತ್ತಿರ ಎಂದೂ ಇಲ್ಲ. ಪ್ರತಿ ಹಿಡಿ ಮುಗಿದ ಮೇಲೂ ಕೈ ಬಿಟ್ಟು, ಅದು ತನ್ನ ಜಾಗಕ್ಕೆ ಹೋಗಿ ಕೂರುವವರೆಗೆ ಕಾಯುತ್ತಾರೆ. ಆ ಕಾಯುವ ಎರಡು ಕ್ಷಣವೇ ಅವರಿಗೂ ಉಳಿದವರಿಗೂ ಇರುವ ವ್ಯತ್ಯಾಸ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಹಣೆಯ ಎಡ ಮೂಲೆಯ ಸುಳಿಗೆ ಅವರು ಮಾಡಿದ್ದು ಇನ್ನೂ ಸರಳ. ಬಾಲ್ಯದಿಂದಲೂ ನಾನು ಬೈತಲೆಯನ್ನು ಬಲಗಡೆ ತೆಗೆದು ಕೂದಲನ್ನು ಎಡಕ್ಕೆ ತಿರುಗಿಸಿ ಬಾಚುತ್ತಿದ್ದೆ. ಸುಳಿ ತಿರುಗುವುದು ಅದಕ್ಕೆ ಎದುರು ದಿಕ್ಕಿಗೆ. ಬೈತಲೆಯನ್ನು ಸುಳಿ ಸೀಳುವ ಜಾಗಕ್ಕೇ ಸರಿಸಿ, ಕೂದಲನ್ನು ಬಲಕ್ಕೆ ಬಿಡಲು ಹೇಳಿದರು. ಎರಡು ವಾರ ಮುಖವೇ ಬದಲಾದಂತೆ ಅನ್ನಿಸಿತು. ಆಮೇಲೆ ಬಾಚಣಿಗೆಯೇ ಬೇಡವಾಯಿತು.

ಕತ್ತಿನ ಹಿಂಭಾಗಕ್ಕೆ ಮಷೀನ್ ಬಳಸುತ್ತಾರೆ. ಇಲ್ಲಿ ಒಂದು ಉಪಯುಕ್ತ ವಿವರ ಹೇಳಬೇಕು. ‘ಸಣ್ಣಗೆ ಮಾಡಿ’, ‘ಮೀಡಿಯಂ ಮಾಡಿ’ ಎಂಬ ಮಾತುಗಳಿಗೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅರ್ಥ. ಮಷೀನಿಗೆ ಹಾಕುವ ಗಾರ್ಡಿನ, ಅಂದರೆ ಎಷ್ಟು ಉದ್ದ ಉಳಿಯಬೇಕೆಂದು ತಡೆಯುವ ಬಾಚಣಿಗೆಯಂಥ ತುಂಡಿನ, ನಂಬರಿಗೆ ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಅರ್ಥವಿದೆ. ಒಂದನೆಯ ನಂಬರ್ ಎಂದರೆ ಸುಮಾರು 3 ಮಿಲಿಮೀಟರ್, ಎರಡನೆಯದು 6, ಮೂರನೆಯದು 10, ನಾಲ್ಕನೆಯದು 13. ನನ್ನ ಕತ್ತಿನ ಕೂದಲಿಗೆ ಮೂರನೆಯ ನಂಬರ್ ಸರಿಯಾಗುತ್ತದೆ, ಎರಡು ಹಾಕಿದರೆ ಓರೆಯಾಗಿ ಬೆಳೆದ ಕಡೆ ಬಿಳಿ ತೇಪೆಯಂತೆ ಚರ್ಮ ಕಾಣುತ್ತದೆ ಎಂಬುದನ್ನು ಅವರು ಒಂದೇ ಸಲದಲ್ಲಿ ಕಂಡುಕೊಂಡರು. ಕೂದಲು ಬೆಳೆಯುವ ದಿಕ್ಕಿಗೆ ಎದುರಾಗಿ ಮಷೀನ್ ಓಡಿಸಿದರೆ ಗಿಡ್ಡವಾಗುತ್ತದೆ, ದಿಕ್ಕಿನೊಡನೆ ಓಡಿಸಿದರೆ ಅದೇ ಗಾರ್ಡಿನಲ್ಲೂ ಸ್ವಲ್ಪ ಉದ್ದ ಉಳಿಯುತ್ತದೆ. ನನ್ನ ಕತ್ತಿನಲ್ಲಿ ದಿಕ್ಕು ಬೆರಳಗಲಕ್ಕೊಮ್ಮೆ ಬದಲಾಗುವುದರಿಂದ ಅವರು ಕೆಳಗಿನಿಂದ ಮೇಲಕ್ಕೆ ಒಂದೇ ಗೆರೆಯಲ್ಲಿ ಎಳೆಯದೆ, ಮಣಿಕಟ್ಟನ್ನು ತಿರುಗಿಸುತ್ತ ಓರೆಯಾಗಿ ಎಳೆಯುತ್ತಾರೆ.

ನನ್ನ ಮಗಳ ಕೂದಲಿನ ವಿಷಯವನ್ನೂ ಇಲ್ಲಿ ಸೇರಿಸುವುದು ಅಗತ್ಯ, ಏಕೆಂದರೆ ನನ್ನದಕ್ಕಿಂತ ಅವಳದು ಕಠಿಣವಾದ ಪರೀಕ್ಷೆ. ಹನ್ನೊಂದು ವರ್ಷದ ಅವಳ ಕೂದಲು ಸ್ಪ್ರಿಂಗಿನಂತೆ ಸುರುಳಿಯಾದ ಗುಂಗುರು. ಒಂದು ಸುರುಳಿಯನ್ನು ಎಳೆದರೆ ಭುಜದ ಕೆಳಗೆ ಬರುತ್ತದೆ, ಬಿಟ್ಟರೆ ಗಲ್ಲದ ಹತ್ತಿರ ನಿಲ್ಲುತ್ತದೆ. ಹಿಂದೊಮ್ಮೆ ಬೇರೊಂದು ಕಡೆ ಅವಳ ಮುಂಗೂದಲನ್ನು ಒದ್ದೆ ಮಾಡಿ, ಹುಬ್ಬಿನ ಮಟ್ಟಕ್ಕೆ ನೇರವಾಗಿ ಕತ್ತರಿಸಿದ್ದರು. ಒಣಗಿದಾಗ ಅದು ಹಣೆಯ ಅರ್ಧಕ್ಕೆ ಏರಿ, ಕೆಲವು ಸುರುಳಿ ಮೇಲೆ, ಕೆಲವು ಕೆಳಗೆ ಎಂಬಂತಾಯಿತು. ಅವಳು ಎರಡು ತಿಂಗಳು ಹೇರ್‌ಬ್ಯಾಂಡ್ ಇಲ್ಲದೆ ಶಾಲೆಗೆ ಹೋಗಲಿಲ್ಲ. ಮಕ್ಕಳು ಇಂಥದ್ದನ್ನು ಹೇಳಿಕೊಳ್ಳುವುದಿಲ್ಲ. ಬೆಳಿಗ್ಗೆ ಕನ್ನಡಿಯ ಮುಂದೆ ಅವಳು ಹೇರ್‌ಬ್ಯಾಂಡನ್ನು ಮತ್ತೆ ಮತ್ತೆ ಮುಂದಕ್ಕೆ ಎಳೆದುಕೊಳ್ಳುತ್ತಿದ್ದುದನ್ನು ನೋಡಿ ನನಗೆ ಅರ್ಥವಾಯಿತು.

ಈ ಕ್ಷೌರಿಕರು ಅವಳ ಕೂದಲನ್ನು ಸುರುಳಿ ಸುರುಳಿಯಾಗಿ ಬಿಡಿಸಿ, ಒಂದೊಂದನ್ನೂ ಒಣಗಿದ್ದಾಗಲೇ, ಎಳೆಯದೆ, ಅದು ತೂಗುವ ಜಾಗದಲ್ಲೇ ಕತ್ತರಿಸಿದರು. ಸುರುಳಿ ಹೊರಕ್ಕೆ ಬಾಗಿ ಒಳಕ್ಕೆ ತಿರುಗುವ ತಿರುವನ್ನು ಹುಡುಕಿ ಅಲ್ಲಿ ಕತ್ತರಿ ಹಾಕಿದರೆ ತುದಿ ಪಕ್ಕದ ಸುರುಳಿಯೊಳಗೆ ಸೇರಿಕೊಳ್ಳುತ್ತದೆ, ತಿರುವಿನ ನಡುವೆ ಹಾಕಿದರೆ ಕೊಕ್ಕೆಯಂತೆ ಹೊರಗೆ ಚಾಚುತ್ತದೆ ಎಂದು ಅವಳಿಗೇ ಕನ್ನಡಿಯಲ್ಲಿ ತೋರಿಸಿ ಹೇಳಿದರು. ಅವಳು ರೂಢಿಯಂತೆ ತಲೆ ತಗ್ಗಿಸಿದಾಗ, ‘ಪುಟ್ಟಾ, ತಲೆ ಬಗ್ಗಿಸಬೇಡ. ನೀನು ದಿನಾ ಹೇಗೆ ಕೂರುತ್ತೀಯೋ ಹಾಗೇ ಕೂರು’ ಎಂದರು. ತಲೆ ಬಗ್ಗಿಸಿದರೆ ಹಿಂದಿನ ಕೂದಲು ಬೇರೆ ಕಡೆ ತೂಗುತ್ತದೆ, ಎದ್ದು ನಿಂತಾಗ ಲೆಕ್ಕ ತಪ್ಪುತ್ತದೆ. ರೇಜರನ್ನು ಗುಂಗುರು ಕೂದಲಿಗೆ ಅವರು ಮುಟ್ಟಿಸುವುದೇ ಇಲ್ಲ. ಬ್ಲೇಡು ಎಳೆಯ ತುದಿಯನ್ನು ಓರೆಯಾಗಿ ಹೆರೆಯುವುದರಿಂದ ತುದಿ ಬೇಗ ಸೀಳುತ್ತದೆ ಎಂಬುದು ಅವರ ಅಭಿಪ್ರಾಯ. ಸೀಳಿದ ತುದಿಯನ್ನು ಯಾವ ಕ್ರೀಮೂ ಶಾಶ್ವತವಾಗಿ ಅಂಟಿಸಲಾರದು, ಕತ್ತರಿಸುವುದೊಂದೇ ದಾರಿ ಎಂಬುದು ತಿಳಿದವರಿಗೆ ಈ ಎಚ್ಚರಿಕೆಯ ಬೆಲೆ ಗೊತ್ತಾಗುತ್ತದೆ.

ಕತ್ತರಿಸುವ ಕಲೆಯ ಬಗ್ಗೆ ಮಾತು ಬಂದಾಗ ಅವರು ಗೌರವದಿಂದ ನೆನೆಯುವ ಹೆಸರು ವಿಡಾಲ್ ಸಸೂನ್ ಅವರದು. 1960ರ ದಶಕದಲ್ಲಿ, ಸ್ಪ್ರೇ ಹೊಡೆದು ರೋಲರ್ ಸುತ್ತಿ ಕೂದಲನ್ನು ಕಟ್ಟಿ ನಿಲ್ಲಿಸುವ ರೂಢಿ ಬಲವಾಗಿದ್ದ ಕಾಲದಲ್ಲಿ, ಲಂಡನ್ನಿನ ಈ ಕೇಶವಿನ್ಯಾಸಕರು ಕತ್ತರಿಯೇ ಆಕಾರ ಕೊಡಬೇಕು, ತೊಳೆದು ಒಣಗಿಸಿದರೆ ಕೂದಲು ತಾನಾಗಿಯೇ ತನ್ನ ಜಾಗಕ್ಕೆ ಬರಬೇಕು ಎಂದು ಸಾಧಿಸಿ ತೋರಿಸಿದರು. 1964ರಲ್ಲಿ ಬಂದ ಅವರ ಐದು ಮೊನೆಗಳ ಕಟಿಂಗ್ ಇದಕ್ಕೆ ಪ್ರಸಿದ್ಧ ಉದಾಹರಣೆ. ನನ್ನ ಕ್ಷೌರಿಕರ ಅಳತೆಗೋಲೂ ಇದೇ. ಬಿಸಿ ಗಾಳಿಯಿಂದ ಕೂರಿಸಿದ ಕೂದಲನ್ನು ಅವರು ಮುಗಿದ ಕೆಲಸವೆಂದು ಪರಿಗಣಿಸುವುದಿಲ್ಲ. ಕಟಿಂಗ್ ಆದ ಮೇಲೆ ತಲೆ ತೊಳೆದು, ನೀರನ್ನು ಬಟ್ಟೆಯಿಂದ ಒತ್ತಿ ತೆಗೆದು, ಮುಕ್ಕಾಲು ಪಾಲು ತಾನಾಗಿ ಒಣಗುವವರೆಗೆ ಕೂರಿಸಿ, ಆಗ ಎದ್ದ ಒಂದೆರಡು ಎಳೆಗಳನ್ನು ಮಾತ್ರ ಸರಿಪಡಿಸುತ್ತಾರೆ. ಹೀಗಾಗಿ ಮನೆಯಲ್ಲಿ ಸ್ನಾನದ ನಂತರ ಕಾಣುವ ರೂಪವನ್ನೇ ನಾನು ಅಲ್ಲಿಯೂ ನೋಡಿ ಬರುತ್ತೇನೆ.

ಮನೆಯಲ್ಲಿ ಮಾಡಬೇಕಾದದ್ದನ್ನು ಅವರು ಬಹಳ ಕಡಿಮೆ ಮಾತಿನಲ್ಲಿ ಹೇಳಿದರು. ಶಾಂಪೂ ತಲೆಯ ಚರ್ಮಕ್ಕೆ, ಕಂಡೀಷನರ್ ತುದಿಗೆ. ಟವೆಲಿನಿಂದ ಗಸಗಸ ಉಜ್ಜುವುದು ಬೇಡ, ಹಳೆಯ ಹತ್ತಿ ಬನಿಯನ್ನಿನಿಂದ ಒತ್ತಿದರೆ ಸಾಕು. ಗುಂಗುರು ಕೂದಲನ್ನು ಒದ್ದೆಯಿದ್ದಾಗ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಬೇಕು, ಒಣಗಿದ ಮೇಲೆ ಬಾಚಬಾರದು. ಮಗಳಿಗೆ ಮಾತ್ರ ಒಂದು ಕ್ರೀಮನ್ನು ನಾಣ್ಯದಷ್ಟು ತೆಗೆದುಕೊಂಡು ಒದ್ದೆ ಕೂದಲಿಗೆ ಹಿಸುಕಿ ಹಚ್ಚುವುದನ್ನು ತೋರಿಸಿದರು. ನನಗೆ ಏನನ್ನೂ ಕೊಳ್ಳಲು ಹೇಳಲಿಲ್ಲ. 15 ಭೇಟಿಗಳಲ್ಲಿ ಒಮ್ಮೆಯೂ ಹೇಳಿಲ್ಲ.

ಕೊರತೆಗಳೂ ಇವೆ. ನನ್ನ ಕಟಿಂಗಿಗೆ ಒಂದು ಗಂಟೆ, ಮಗಳದಕ್ಕೆ ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ. ಅವಸರದವರಿಗೆ ಇದು ಆಗದ ಮಾತು. ಎರಡು ಮೂರು ವಾರ ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು. ಕುರ್ಚಿಯಲ್ಲಿ ಅಷ್ಟು ಹೊತ್ತು ಕೂರಲು ಹಿರಿಯರಿಗೆ ಬೆನ್ನಿಗೆ ಆಸರೆ ಸಾಲದು ಎಂದು ನನಗೆ ಅನ್ನಿಸಿದೆ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಈ ಗುಣಮಟ್ಟ ಒಬ್ಬರ ಕೈಯಲ್ಲಿದೆ, ಸಲೂನಿನಲ್ಲಿ ಇಲ್ಲ. ಆರನೆಯ ಭೇಟಿಯ ದಿನ ಅವರು ಅನಾರೋಗ್ಯದಿಂದ ಬಂದಿರಲಿಲ್ಲ. ಜೊತೆಗೆ ಕೆಲಸ ಮಾಡುವ ಮತ್ತೊಬ್ಬರು ಒಪ್ಪಿಕೊಂಡು, ಸೌಜನ್ಯದಿಂದಲೇ, ಆದರೆ ನೀರು ಚಿಮುಕಿಸಿ ಬಿಗಿಯಾಗಿ ಎಳೆದು ನೆತ್ತಿಯ ಕೂದಲನ್ನು ಒಂದೇ ಮಟ್ಟಕ್ಕೆ ಕತ್ತರಿಸಿಬಿಟ್ಟರು. ನಾನು ಬೇಡವೆಂದು ಹೇಳಬೇಕಿತ್ತು, ಹೇಳಲಿಲ್ಲ. ಮತ್ತೆ ಎರಡು ತಿಂಗಳು ಆ ಹಿಡಿ ಕೂದಲು ನೆಟ್ಟಗೆ ನಿಂತಿತು. ಗಿರಾಕಿಯ ಸುಳಿ ಎಲ್ಲಿದೆ, ಯಾವ ಗಾರ್ಡ್ ಹಾಕಬೇಕು, ಏನು ಮಾಡಬಾರದು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರೂ ಇದು ತಪ್ಪುತ್ತಿತ್ತು. ಈ ಮಾತನ್ನು ನಾನು ಅವರಿಗೇ ಹೇಳಿದೆ. ಈಗ ಅವರ ಬಳಿ ಒಂದು ನೋಟ್‌ಬುಕ್ ಇದೆ; ನನ್ನ ಪುಟದಲ್ಲಿ ತಲೆಯ ಹಿಂಭಾಗದ ಚಿತ್ರ ಬರೆದು ಎರಡು ಬಾಣ ಹಾಕಿದ್ದಾರೆ.

ಕೂದಲು ಮಾತು ಕೇಳದವರು ಇಂಥ ಕೈಯನ್ನು ಹುಡುಕುವಾಗ ನಾನು ಹೇಳಬಲ್ಲ ಗುರುತುಗಳು ಕೆಲವು. ಮುಟ್ಟಿ ನೋಡುವ ಮೊದಲೇ ನೀರು ಚಿಮುಕಿಸುವವರ ಬಳಿ ‘ಒಮ್ಮೆ ಒಣಗಿದ್ದಾಗ ನೋಡಿ’ ಎಂದು ಕೇಳಿ. ಅದಕ್ಕೆ ಅವರು ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದರಲ್ಲೇ ಬಹಳಷ್ಟು ತಿಳಿಯುತ್ತದೆ. ಥಿನ್ನಿಂಗ್ ಕತ್ತರಿ ಕೈಗೆ ಬಂದರೆ ಎಲ್ಲಿ ಹಾಕುತ್ತಾರೆ ಎಂದು ವಿಚಾರಿಸಿ. ಚಿತ್ರತಾರೆಯ ಫೋಟೋ ತೋರಿಸುವುದಕ್ಕಿಂತ ನಿಮ್ಮದೇ ಕೂದಲು ಚೆನ್ನಾಗಿ ಕಂಡ ದಿನದ ಫೋಟೋ, ಹಾಗೆಯೇ ಅತ್ಯಂತ ಕೆಟ್ಟದಾಗಿ ಎದ್ದ ಬೆಳಗಿನ ಫೋಟೋ, ಎರಡನ್ನೂ ತೋರಿಸುವುದು ಮೇಲು. ನಾನು ಮೂರನೆಯ ಭೇಟಿಗೆ ಹೀಗೆ ಮಾಡಿದೆ. ಅವರು ಎರಡನೆಯ ಫೋಟೋವನ್ನೇ ಹೆಚ್ಚು ಹೊತ್ತು ನೋಡಿದರು.

ಈ ಸಲದ ಕಟಿಂಗ್ ಆಗಿ ಇವತ್ತಿಗೆ 41 ದಿನ. ಕತ್ತಿನ ಹಿಂಭಾಗ ಒತ್ತಾಗಿ ಬೆಳೆದಿದೆ, ಕಿವಿಯ ಮೇಲೆ ಕೂದಲು ತಾಗತೊಡಗಿದೆ. ಸುಳಿಗಳ ನಡುವಿನ ಹಿಡಿ ಮಲಗಿಯೇ ಇದೆ. ಮೂರು ದಿನ ಎಡೆಬಿಡದೆ ಮಳೆ ಸುರಿದಾಗಲೂ ತುದಿ ಸ್ವಲ್ಪ ಬಿರಿದುಕೊಂಡಿತೇ ಹೊರತು ಎದ್ದು ನಿಲ್ಲಲಿಲ್ಲ. ಎಡಗಿವಿಯ ಹಿಂದೆ ಮಾತ್ರ ಒಂದು ಎಳೆ ಈ ಸಲ ಹೊರಕ್ಕೆ ತಿರುಗುತ್ತಿದೆ, ಅದು ಹಿಂದೆ ಹೀಗಿರಲಿಲ್ಲ. ಮುಂದಿನ ಶನಿವಾರಕ್ಕೆ ಸಮಯ ಗೊತ್ತಾಗಿದೆ. ಹಿಂದಿನ ದಿನ ತಲೆಸ್ನಾನ ಮಾಡಿ, ಏನೂ ಹಚ್ಚದೆ, ಆ ಎಳೆಯನ್ನು ಹಾಗೆಯೇ ಬಿಟ್ಟುಕೊಂಡು ಹೋಗುತ್ತೇನೆ.